ದೂರ ನಿಂತು ಹೊಡೆಯೋದು ಅನ್ಯಾಯವಾ? ಟಾಪ್ ಲೇನ್‌ನ ರೇಂಜ್ ಲೆಕ್ಕಾಚಾರ

ಲೀಗ್ ಆಫ್ ಲೆಜೆಂಡ್ಸ್ ಆಡುವವರ ನಡುವೆ ಮುಗಿಯದ ಜಗಳ ಒಂದಿದೆ: ಟಾಪ್ ಲೇನ್‌ಗೆ ಟೀಮೊ, ವೇನ್ ಥರದ ರೇಂಜ್ಡ್ ಚಾಂಪಿಯನ್ ತರೋದು ಸರಿಯಾ? ರಯಟ್ ಗೇಮ್ಸ್ 2009ರಲ್ಲಿ ಬಿಡುಗಡೆ ಮಾಡಿದ ಈ ಆಟದಲ್ಲಿ ವೇನ್‌ಳ ಹೊಡೆತ 550 ಯೂನಿಟ್ ದೂರ ಹೋಗುತ್ತದೆ, ಟೀಮೊನದು 500. ಎದುರಿಗಿರುವ ಡೇರಿಯಸ್‌ನ ಕೊಡಲಿ ಮುಟ್ಟೋದು 175 ಮಾತ್ರ. ಅಂದರೆ ಆಟ ಶುರುವಾಗುವ ಮೊದಲೇ ಒಬ್ಬರ ಕೈ ಉದ್ದ, ಇನ್ನೊಬ್ಬರದು ಗಿಡ್ಡ.

ಉದ್ದ ಕೈ ಹೇಗೆ ಕೆಲಸ ಮಾಡುತ್ತೆ?

ಮಿನಿಯನ್‌ಗೆ ಕೊನೆಯ ಏಟು ಕೊಟ್ಟವರಿಗೇ ಚಿನ್ನ. ಆ ಏಟಿಗಾಗಿ ಡೇರಿಯಸ್ ಮುಂದೆ ಬರಲೇಬೇಕು. ರೇಂಜ್ಡ್ ಆಟಗಾರ ಹೊಡೆಯಬೇಕಾದ್ದು ಸರಿಯಾಗಿ ಆಗಲೇ. ಎದುರಾಳಿ ಒಂದೋ ಚಿನ್ನ ಬಿಡಬೇಕು, ಇಲ್ಲ ಏಟು ತಿನ್ನಬೇಕು. ಒಂದು ಏಟು, ಎರಡು ಹೆಜ್ಜೆ ಹಿಂದೆ, ಮತ್ತೊಂದು ಏಟು: ಕೈಟಿಂಗ್ ಅನ್ನೋದು ಇದನ್ನೇ.

ಒಂದು ಎಚ್ಚರಿಕೆ. ಚಾಂಪಿಯನ್‌ಗೆ ಮಾಮೂಲಿ ಏಟು ಕೊಟ್ಟ ತಕ್ಷಣ ಹತ್ತಿರದಲ್ಲಿರುವ ಅವರ ಮಿನಿಯನ್‌ಗಳು ನಿಮ್ಮ ಮೇಲೆ ತಿರುಗುತ್ತವೆ. ಒಂದನೇ ಲೆವೆಲ್‌ನಲ್ಲಿ ಆ ಹೊಡೆತ ಸಣ್ಣದಲ್ಲ. ಪೊದೆಯ ಪಕ್ಕ ನಿಂತು ಹೊಡೆದು ಒಳಗೆ ಸರಿದರೆ ಅವು ನಿಮ್ಮನ್ನು ಬಿಟ್ಟುಬಿಡುತ್ತವೆ.

ಮೊದಲ ಅಲೆಯ ಆರು, ಎರಡನೇ ಅಲೆಯ ಒಂದು ಮಿನಿಯನ್ ಸತ್ತರೆ ಎರಡನೇ ಲೆವೆಲ್. ಅಲ್ಲಿಗೆ ಮೊದಲು ತಲುಪಿದವರ ಕೈಲಿ ಒಂದು ಅಸ್ತ್ರ ಹೆಚ್ಚಿರುತ್ತೆ. ದೂರದಿಂದ ಹೊಡೆಯುವವರಿಗೆ ಈ ಓಟ ಸುಲಭ.

ಕೆಡೋದು ಎಲ್ಲಿ?

ಅಲೆಯನ್ನು ಮುಂದೆ ತಳ್ಳಿದಷ್ಟೂ ನಿಮ್ಮ ಟವರ್ ದೂರವಾಗುತ್ತದೆ. ಟಾಪ್ ಲೇನ್ ಉದ್ದ. ಹಿಂದಿನಿಂದ ಜಂಗ್ಲರ್ ಬಂದರೆ ಓಡೋಕೆ ಜಾಗ ಇದ್ದರೂ ಸಮಯ ಇರಲ್ಲ. ಫ್ಲ್ಯಾಶ್ ಒಮ್ಮೆ ಬಳಸಿದರೆ ಮತ್ತೆ ಸಿಗೋದು 5 ನಿಮಿಷದ ಮೇಲೆ. ಹಾಗಾಗಿ ನದಿಯ ಕಡೆ ವಾರ್ಡ್ ಇಡದೆ ತಳ್ಳಬೇಡಿ. ಡೇರಿಯಸ್ ಕೊಡಲಿಯಿಂದ ಎಳೆಯುವ ಅಸ್ತ್ರದ ಮೇಲೂ ಕಣ್ಣಿಡಿ. ಅದು ಗುರಿ ತಪ್ಪಿದ ಮೇಲಿನ ಸೆಕೆಂಡುಗಳೇ ನುಗ್ಗಿ ಹೊಡೆಯುವ ಹೊತ್ತು.

ನಿಯಮ ಯಾರ ಪರ?

ಈ ಅಸಮಾನತೆಯನ್ನು ಆಟದ ನಿಯಮವೇ ಸ್ವಲ್ಪ ತಿದ್ದುತ್ತದೆ. ಡೋರನ್ಸ್ ಶೀಲ್ಡ್ ಕೊಡುವ ಚೇತರಿಕೆ, ಗ್ರಾಸ್ಪ್ ಆಫ್ ದಿ ಅನ್‌ಡೈಯಿಂಗ್ ರೂನ್‌ನ ಲಾಭ, ಎರಡೂ ರೇಂಜ್ಡ್ ಚಾಂಪಿಯನ್ ಕೈಲಿ ಕಡಿಮೆ. ಹತ್ತಿರ ನಿಂತು ಹೊಡೆದಾಡುವವರಿಗೆ ಪೂರ್ತಿ ಸಿಗುತ್ತೆ. ಒಂಥರಾ ಮೀಸಲಾತಿ ಅನ್ನಿ.

ಆದರೆ ನಿಜವಾದ ಬೆಲೆ ಕೊಡೋದು ತಂಡ. ಟಾಪ್‌ನಲ್ಲಿ ವೇನ್ ಇದ್ದರೆ ಐವರ ಕಾಳಗದಲ್ಲಿ ಮುಂದೆ ನಿಂತು ಏಟು ತಾಳುವವರು ಬೇರೆ ಯಾರಾದರೂ ಆಗಬೇಕು. ಜಂಗ್ಲರ್ ಕೂಡ ಮೈಗಟ್ಟಿ ಇಲ್ಲದವನಾದರೆ ಲೇನ್‌ನಲ್ಲಿ ಗಳಿಸಿದ್ದೆಲ್ಲ ಅಲ್ಲೇ ಕರಗುತ್ತೆ. ಆದ್ದರಿಂದ ರೇಂಜ್ಡ್ ಚಾಂಪಿಯನ್ ಆರಿಸುವ ಮುಂಚೆ ಉಳಿದ ನಾಲ್ವರು ಏನು ತಗೊಂಡಿದ್ದಾರೆ ಅಂತ ನೋಡಿ. ಮೇಲುಗೈ ಸಿಕ್ಕರೆ ಅದನ್ನು ಬೇಗ ಟವರ್ ಬೀಳಿಸೋಕೆ ಬಳಸಿ. ಎದುರಾಳಿಯನ್ನು ಗೋಳು ಹುಯ್ದುಕೊಂಡಿದ್ದಕ್ಕೆ ಯಾರೂ ಪಂದ್ಯ ಗೆಲ್ಲಿಸಿಕೊಡಲ್ಲ.