ಸಿಸೇರಿಯನ್ ಹೆರಿಗೆ (ಮುಂಬಯಿ)
ಹೊಟ್ಟೆಯನ್ನೂ ಗರ್ಭಕೋಶವನ್ನೂ ಕೊಯ್ದು ಮಗುವನ್ನು ಹೊರತೆಗೆಯುವ ಶಸ್ತ್ರಕ್ರಿಯೆ. ಮುಂಬಯಿಯ ಹಳೆಯ ಹೆರಿಗೆ ಆಸ್ಪತ್ರೆಗಳಲ್ಲಿ ಪರೇಲಿನ ನೌರೋಸ್ಜಿ ವಾಡಿಯಾ (1926) ಹೆಸರಾದದ್ದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಹೆರಿಗೆಗಳಲ್ಲಿ ಶೇ. 21.5 ಸಿಸೇರಿಯನ್.

ದಿನ ಗೊತ್ತುಮಾಡಿದ ಶಸ್ತ್ರಕ್ರಿಯೆಗೆ ಮೊದಲು ರಕ್ತದ ಗುಂಪು, ಹಿಮೋಗ್ಲೋಬಿನ್ ಪರೀಕ್ಷಿಸುತ್ತಾರೆ. ಸಾಮಾನ್ಯವಾಗಿ 6 ಗಂಟೆ ಮುಂಚೆಯೇ ಊಟ ನಿಲ್ಲಿಸುತ್ತಾರೆ. ಬೆನ್ನಿಗೆ ಅರಿವಳಿಕೆ ಚುಚ್ಚುವುದರಿಂದ ತಾಯಿ ಎಚ್ಚರವಾಗಿಯೇ ಇರುತ್ತಾಳೆ.

ಶಸ್ತ್ರಕ್ರಿಯೆಯಾದ 24 ಗಂಟೆಯೊಳಗೆ ಎಬ್ಬಿಸಿ ನಡೆಸುವುದು ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು. ಲಿಫ್ಟಿಲ್ಲದ ಚಾಳಿನ ಬಾಣಂತಿಗೆ ನಡಿಗೆಗಿಂತ ಮೆಟ್ಟಿಲೇ ಕಷ್ಟ. ನೀರಿನ ಕೊಡ ಎತ್ತುವುದು ಸುಮಾರು 6 ವಾರ ಬೇಡ. ಬಾಣಂತನಕ್ಕೆ ತವರಿನಿಂದ ಬಂದ ಬಾಣಂತಿಯ ತಾಯಿ ಎಣ್ಣೆನೀರು ಹಾಕಲು ಗಾಯ ಮಾಯುವವರೆಗೆ ಕಾಯಬೇಕು. ಬಾಣಂತಿಗೆ ನೀರು ಕಡಿಮೆ ಕೊಡುವ ಹಳೆಯ ರೂಢಿಯಂತೂ ಹಾನಿಕರ. ಜ್ವರ, ಗಾಯದಲ್ಲಿ ಕೀವು, ಅತಿ ರಕ್ತಸ್ರಾವ, ಮೀನಖಂಡದ ಬಾವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.