ಮುಳುಗಿದ ನೆಲವೂ ದಿಕ್ಸೂಚಿಯೂ

ಶಿವಮೊಗ್ಗ ಜಿಲ್ಲೆಯ ಆನಂದಪುರದಲ್ಲಿ 1922ರಲ್ಲಿ ಜನಿಸಿ, ಭಾರತದ ಪುರಾತತ್ತ್ವವನ್ನು ನೆಲದಿಂದ ನೀರಿಗಿಳಿಸಿದ ಕೀರ್ತಿಗೆ ಪಾತ್ರರಾದ ಶಿಕಾರಿಪುರ ರಂಗನಾಥ ರಾಯರು, ಅರ್ಥಾತ್ ಎಸ್. ಆರ್. ರಾವ್ ಅವರು, ತಮ್ಮ ಜೀವಮಾನದಲ್ಲಿ ಎರಡು ಬಗೆಯ ದಿಕ್ಸಾಧನಗಳೊಡನೆ ವ್ಯವಹರಿಸಿದರು. ಮೊದಲನೆಯದು, 1954ರಲ್ಲಿ ಅವರು ಪತ್ತೆಹಚ್ಚಿದ ಹರಪ್ಪ ಕಾಲದ ಬಂದರುಪಟ್ಟಣವಾದ ಲೋಥಲಿನಲ್ಲಿ ದೊರೆತ, ಶಂಖದಿಂದ ಕೊರೆದ ಬಳೆಯಾಕಾರದ ದಪ್ಪ ವಸ್ತು. ಅದರ ಎರಡು ಅಂಚುಗಳಲ್ಲಿಯೂ ನಾಲ್ಕು ನಾಲ್ಕು ಸೀಳುಗಳಿದ್ದುದನ್ನು ಗಮನಿಸಿದ ರಾಯರು, ಕೋನಗಳನ್ನು ಅಳೆಯುವುದಕ್ಕೂ ದಿಗಂತವನ್ನು ಭಾಗಗಳಾಗಿ ವಿಂಗಡಿಸುವುದಕ್ಕೂ ಅದು ಒದಗುತ್ತಿದ್ದಿತೆಂದು ಪ್ರತಿಪಾದಿಸಿದರು. ಎರಡನೆಯದು, ಮೂರು ದಶಕಗಳ ತರುವಾಯ ದ್ವಾರಕೆಯ ಕಡಲಿನಲ್ಲಿ ಮುಳುಗಿದ ನೆಲೆಯನ್ನು ಅರಸಿದಾಗ ಅವಶ್ಯಕವಾದ, ಮುಳುಗುಗಾರನ ಮಣಿಕಟ್ಟಿನ ಕಾಂತಸೂಚಿ.

ಕಾಂತಸೂಚಿಯ ಪುರಾವೃತ್ತವು ದೀರ್ಘವಾದುದು. ಕಾಂತದ ಸಂಪರ್ಕದಿಂದ ಗುಣವನ್ನು ಪಡೆದ ಸೂಜಿಯು ದಕ್ಷಿಣೋತ್ತರವಾಗಿ ನಿಲ್ಲುವುದನ್ನು ಚೀನದ ವಿದ್ವಾಂಸ ಶೆನ್ ಕುವೊ 1088ರ ವೇಳೆಗೆ ವರ್ಣಿಸಿದ್ದನು. ಹಿಂದೂ ಮಹಾಸಾಗರದ ನಾವಿಕರು ಟೊಳ್ಳಾದ ಕಬ್ಬಿಣದ ಮೀನನ್ನು ನೀರಿನಲ್ಲಿ ತೇಲಿಬಿಟ್ಟು ದಿಕ್ಕನ್ನರಿಯುತ್ತಿದ್ದರೆಂದು ಬೈಲಕ್ ಎಂಬ ಲೇಖಕನು 1282ರಲ್ಲಿ ಅರಬ್ಬೀ ಭಾಷೆಯಲ್ಲಿ ಬರೆದಿಟ್ಟನು. ಹಡಗಿನ ಓಲಾಟಕ್ಕೆ ಸೂಜಿ ತತ್ತರಿಸದಂತೆ ಅದನ್ನು ದ್ರವ ತುಂಬಿದ ಕರಂಡಕದಲ್ಲಿಡುವ ಕ್ರಮವು ಹತ್ತೊಂಬತ್ತನೆಯ ಶತಮಾನದಲ್ಲಿ ಬಳಕೆಗೆ ಬಂದಿತು. ಈ ಕ್ರಮವೇ ಮುಂದೆ ನೀರಿನಡಿಯ ದಿಕ್ಸೂಚಿಗೆ ಆಧಾರವಾಯಿತು. ಏಕೆಂದರೆ ದ್ರವವು ಸೂಜಿಯ ಚಾಂಚಲ್ಯವನ್ನು ತಗ್ಗಿಸುವುದು ಮಾತ್ರವಲ್ಲದೆ, ಗಾಳಿಯಂತೆ ಕುಗ್ಗದಿರುವುದರಿಂದ ಆಳದ ಒತ್ತಡಕ್ಕೆ ಕರಂಡಕವು ನಜ್ಜುಗುಜ್ಜಾಗದಂತೆಯೂ ಕಾಪಾಡುತ್ತದೆ. ದ್ವಿತೀಯ ಮಹಾಯುದ್ಧದ ಕಾಲದಲ್ಲಿ ಇಟಲಿಯ ನೌಕಾದಳದ ಮುಳುಗುಯೋಧರು ಫ್ಲಾರೆನ್ಸಿನ ಪನೆರಾಯ್ ಸಂಸ್ಥೆಯು ಒದಗಿಸಿದ, ಕತ್ತಲಿನಲ್ಲಿ ಬೆಳಗುವ ದಿಕ್ಸೂಚಿಯನ್ನು ಮಣಿಕಟ್ಟಿಗೆ ಕಟ್ಟಿಕೊಂಡು ಶತ್ರುಗಳ ಬಂದರುಗಳನ್ನು ಹೊಕ್ಕರು. 1943ರಲ್ಲಿ ಕುಸ್ತೋ ಮತ್ತು ಗಾನ್ಯಾನ್ ಎಂಬ ಫ್ರೆಂಚರು ಬೆನ್ನಿಗೆ ಹೊರುವ ಉಸಿರಾಟದ ಯಂತ್ರವನ್ನು ಸಿದ್ಧಪಡಿಸಿದ ಮೇಲೆ, ಈ ದಿಕ್ಸೂಚಿಯು ಕ್ರಮೇಣ ಯೋಧನ ಕೈಯಿಂದ ವಿಜ್ಞಾನಿಯ ಕೈಗೂ, ನಮ್ಮ ಮುರುಡೇಶ್ವರದೆದುರಿನ ನೇತ್ರಾಣಿಯಲ್ಲಿ ಸ್ಕೂಬಾ ಕಲಿಯುವವರ ಕೈಗೂ ಬಂದಿತು.

ಇಂತಹ ದಿಕ್ಸೂಚಿಯನ್ನು ಆಯ್ದುಕೊಳ್ಳುವುದರಲ್ಲಿ ದಕ್ಷಿಣ ಭಾರತದವರು ವಿಶೇಷವಾಗಿ ಗಮನಿಸಬೇಕಾದ ವಿಷಯವೊಂದುಂಟು. ಭೂಮಿಯ ಕಾಂತರೇಖೆಗಳು ಧ್ರುವಗಳತ್ತ ಸಾಗಿದಷ್ಟೂ ನೆಲದೊಳಕ್ಕೆ ಬಾಗುತ್ತವೆ. ನಮ್ಮಲ್ಲಾದರೋ ಅವು ಬಹುಮಟ್ಟಿಗೆ ಸಮತಲವಾಗಿವೆ. ಕಾಂತೀಯ ಸಮಭಾಜಕವೃತ್ತವು ಸನಿಹದಲ್ಲಿಯೇ ಹಾದುಹೋಗುವ ಕಾರಣದಿಂದಲೇ 1963ರಲ್ಲಿ ತಿರುವನಂತಪುರದ ತುಂಬಾದಲ್ಲಿ ರಾಕೆಟ್ ಉಡಾವಣಾ ಕೇಂದ್ರವು ಸ್ಥಾಪಿತವಾಯಿತು. ಉತ್ತರ ಯೂರೋಪಿಗೆಂದು ತೂಗಿಸಿದ ಸೂಜಿಯ ದಕ್ಷಿಣದ ತುದಿ ಇಲ್ಲಿ ಕೆಳಕ್ಕೆ ಜಗ್ಗಿ, ಕರಂಡಕಕ್ಕೆ ತಾಗಿ ನಿಂತು, ಸುಳ್ಳು ದಿಕ್ಕನ್ನು ತೋರಿಸುವ ಸಂಭವವಿದೆ. ಆದುದರಿಂದ ನಮ್ಮ ವಲಯಕ್ಕೆ ತೂಗಿಸಿದ, ಇಲ್ಲವೇ ಎಲ್ಲ ವಲಯಗಳಲ್ಲಿಯೂ ನಡೆಯುವ, ಸ್ವಲ್ಪ ಓರೆಯಾದರೂ ಸೂಜಿ ಸಿಕ್ಕಿಕೊಳ್ಳದ ದಿಕ್ಸೂಚಿಯನ್ನೇ ಕೊಳ್ಳತಕ್ಕದ್ದು.

ಇನ್ನು ಬಳಕೆಯ ಕ್ರಮ. ಮುಳುಗುಗಾರನು ದಿಕ್ಸೂಚಿಯ ಮೇಲಿನ ನೇರ ಗೆರೆಯನ್ನು ತನ್ನ ದೇಹದ ನಡುರೇಖೆಗೆ ಸರಿಯಾಗಿ ಹೊಂದಿಸಿಕೊಂಡು, ಗಮ್ಯದತ್ತ ಮುಖ ಮಾಡಿ, ಹೊರಗಿನ ಬಳೆಯನ್ನು ತಿರುಗಿಸಿ ಅದರ ಎರಡು ಗುರುತುಗಳ ನಡುವೆ ಸೂಜಿಯ ಉತ್ತರದ ತುದಿಯನ್ನು ತರುತ್ತಾನೆ. ಆ ಬಳಿಕ ಸೂಜಿಯು ಆ ಗುರುತುಗಳನ್ನು ಬಿಟ್ಟು ಸರಿಯದಂತೆ ಈಜುತ್ತ, ಕಾಲಿನ ಬಡಿತಗಳನ್ನೆಣಿಸಿ ದೂರವನ್ನು ಅಂದಾಜು ಮಾಡುತ್ತಾನೆ. ಹಿಂದಿರುಗುವಾಗ ಬಳೆಯನ್ನು 180 ಅಂಶ ತಿರುಗಿಸಿದರಾಯಿತು. ಉಕ್ಕಿನ ಸಿಲಿಂಡರು, ಚೂರಿ, ಮುಳುಗಿದ ಹಡಗಿನ ಕಬ್ಬಿಣ ಇವುಗಳ ಸಾಮೀಪ್ಯದಲ್ಲಿ ಸೂಜಿಯು ದಾರಿತಪ್ಪುತ್ತದೆ. ಪ್ರವಾಹವು ಪಕ್ಕಕ್ಕೆ ಸೆಳೆದೊಯ್ದರೆ ಅದನ್ನು ತಿಳಿಸುವ ಶಕ್ತಿಯೂ ಸೂಜಿಗಿಲ್ಲ. ಹೀಗಾಗಿ ತಳದ ಮರಳಿನ ಅಲೆಗೆರೆಗಳನ್ನೂ ಇಳಿಜಾರನ್ನೂ ಬೆಳಕಿನ ಓರೆಯನ್ನೂ ಜೊತೆಯಲ್ಲಿಯೇ ನೋಡಿಕೊಳ್ಳುವುದು ಅನುಭವಿಗಳ ಪದ್ಧತಿ.

ಈ ಶಿಸ್ತು ಚರಿತ್ರೆಗೆ ಎಷ್ಟು ಮುಖ್ಯವೆಂಬುದನ್ನು ದ್ವಾರಕೆಯು ತೋರಿಸಿತು. ಗೋವೆಯ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯಲ್ಲಿ 1981ರಲ್ಲಿ ಸಾಗರ ಪುರಾತತ್ತ್ವ ಕೇಂದ್ರವನ್ನು ಕಟ್ಟಿದ ರಾಯರ ಮಾರ್ಗದರ್ಶನದಲ್ಲಿ, 1983ರಿಂದ ಅಲ್ಲಿ ನಡೆದ ಅನ್ವೇಷಣೆಗಳು ಕಲ್ಲಿನ ಕಟ್ಟಡಗಳ ಅವಶೇಷಗಳನ್ನೂ ರಂಧ್ರವುಳ್ಳ ಕಲ್ಲಿನ ಲಂಗರುಗಳನ್ನೂ ಬೆಳಕಿಗೆ ತಂದವು. ಅವುಗಳ ಕಾಲದ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಆ ಚರ್ಚೆಯು ಸಾಧ್ಯವಾದುದೇ, ಯಾವ ಕಲ್ಲು ಯಾವ ಸ್ಥಾನದಲ್ಲಿ ಬಿದ್ದಿತ್ತೆಂಬುದು ದಾಖಲಾದುದರಿಂದ. ಎತ್ತಿ ತಂದ ಲಂಗರು ಬರಿಯ ಕಲ್ಲು. ದಿಕ್ಕೂ ದೂರವೂ ಬರೆದಿಟ್ಟ ಲಂಗರು ಚರಿತ್ರೆಯ ಸಾಕ್ಷಿ.

ಕಡಲಿಗೆ ಸಲ್ಲುವ ಈ ಮಾತು ನಮ್ಮ ಒಳನಾಡಿನ ನೀರಿಗೂ ಸಲ್ಲುತ್ತದೆ. ವಯನಾಡಿನ ಪನಮರಂ, ಮಾನಂತವಾಡಿ ಹೊಳೆಗಳ ಸಂಗಮದಿಂದ ಹುಟ್ಟಿ, ಕುರುವಾ ದ್ವೀಪಗಳ ನಡುವೆ ಕವಲೊಡೆದು, ಕನ್ನಡ ಮಲಯಾಳಗಳೆರಡೂ ಕಿವಿಗೆ ಬೀಳುವ ಬಾವಲಿಯ ಸಮೀಪದಲ್ಲಿ ಎಲ್ಲೆಯನ್ನು ದಾಟಿ ಬರುವ ಕಪಿಲೆಯು, ಕೆಳಗೆ ಬೀಚನಹಳ್ಳಿಯಲ್ಲಿ 1974ರಲ್ಲಿ ಮುಗಿದ ಅಣೆಕಟ್ಟಿನಿಂದ ವಿಶಾಲವಾದ ಜಲಾಶಯವಾಗಿ ಹರಡಿಕೊಂಡಿದೆ. ಈ ಹೊಳೆಯ ದಡದ ಕಿತ್ತೂರೇ ಪ್ರಾಚೀನ ಕೀರ್ತಿಪುರ. ಎರಡನೆಯ ಶತಮಾನದ ಗ್ರೀಕ್ ಭೂಗೋಳಜ್ಞ ಟಾಲೆಮಿಯು ವೈಡೂರ್ಯ ದೊರೆಯುವ ನಾಡೆಂದು ಹೆಸರಿಸಿದ ಪುನ್ನಾಟದ ರಾಜಧಾನಿ. ಗಂಗರ ಅವಿನೀತನು ಪುನ್ನಾಟದ ರಾಜಪುತ್ರಿಯನ್ನು ವರಿಸಿದನು. ಅವರ ಮಗನಾದ ದುರ್ವಿನೀತನೇ ಕವಿರಾಜಮಾರ್ಗವು ಕನ್ನಡದ ಗದ್ಯಕಾರರಲ್ಲಿ ಹೆಸರಿಸುವ ದುರ್ವಿನೀತನೆಂದು ಹಲವು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ಅಂತಹ ನಾಡಿನ ಹಳೆಯ ನೆಲವು ಇಂದು ಹಿನ್ನೀರಿನ ಪಾಲಾಗಿದೆ. ಪ್ರತಿ ಮುಂಗಾರಿನಲ್ಲಿಯೂ ವಯನಾಡಿನ ಬೆಟ್ಟಗಳಿಂದ ಇಳಿದು ಬಂದ ಕೆಂಪು ಹೂಳು ಅದರ ಮೇಲೆ ಪದರಪದರವಾಗಿ ಕೂಡುತ್ತಲಿದೆ.

ಮೊಸಳೆಗಳ ವಾಸವೂ ಸುತ್ತಲಿನ ಅಭಯಾರಣ್ಯದ ನಿರ್ಬಂಧಗಳೂ ಇರುವುದರಿಂದ ಈ ನೀರಿನಲ್ಲಿ ವಿನೋದಕ್ಕಾಗಿ ಯಾರೂ ಇಳಿಯಬಾರದು. ಆದರೆ ಬೇಸಗೆಯಲ್ಲಿ ಹಿನ್ನೀರು ಹಿಂಜರಿದಾಗ ತೆರೆದುಕೊಳ್ಳುವ ನೆಲವನ್ನು ನಡೆದು ಅಳೆಯುವುದು, ಅನಂತರ ಅರಣ್ಯ ಇಲಾಖೆಯ ಅನುಮತಿಯಿಂದ, ದೋಣಿಯ ಮೇಲಿನ ಶಬ್ದತರಂಗ ಯಂತ್ರಗಳಿಂದ ತಳವನ್ನು ಶೋಧಿಸುವುದು, ಅಪಾಯವಿಲ್ಲವೆಂದು ನಿಶ್ಚಯವಾದೆಡೆಗಳಲ್ಲಿ ಮಾತ್ರ ಪಳಗಿದ ಮುಳುಗುಗಾರರನ್ನು ದಿಕ್ಸೂಚಿ ಮತ್ತು ಅಳತೆಪಟ್ಟಿಗಳೊಡನೆ ಇಳಿಸುವುದು, ಇವೆಲ್ಲವೂ ಸಾಧ್ಯವಾದ ಕೆಲಸಗಳೇ. ದ್ವಾರಕೆಯ ಸಮುದ್ರವನ್ನು ಶೋಧಿಸಲು ನಾಯಕನನ್ನು ಕೊಟ್ಟ ಕನ್ನಡನಾಡು, ತನ್ನ ಕಪಿಲೆಯ ತಳವನ್ನು ಶೋಧಿಸದೆ ಬಿಡುವುದು ಉಚಿತವಲ್ಲ. ನಮ್ಮ ಪುರಾತತ್ತ್ವ ಇಲಾಖೆಯೂ ವಿಶ್ವವಿದ್ಯಾನಿಲಯಗಳೂ, ಹೂಳು ಇನ್ನಷ್ಟು ಏರುವ ಮುನ್ನವೇ, ಈ ಕಾರ್ಯವನ್ನು ಕೈಗೆತ್ತಿಕೊಳ್ಳಬೇಕು.