ವೆಬ್ ಹೋಸ್ಟಿಂಗ್ ಆಯ್ಕೆ: ಬಾಡಿಗೆಗಿಂತ ಬ್ಯಾಕಪ್ ಮುಖ್ಯ

ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್ ನಗರದಲ್ಲಿರುವ ಓವಿಎಚ್ ಸಂಸ್ಥೆಯ ದತ್ತಾಂಶ ಕೇಂದ್ರಕ್ಕೆ 2021ರ ಮಾರ್ಚ್ 10ರಂದು ಬೆಂಕಿ ಬಿದ್ದಿತು. ಒಂದು ಕಟ್ಟಡ ಪೂರ್ಣ ಭಸ್ಮವಾಯಿತು, ಪಕ್ಕದ ಕಟ್ಟಡದ ಒಂದು ಭಾಗವೂ ಸುಟ್ಟಿತು. ಪ್ರಾಣಹಾನಿ ಸಂಭವಿಸಲಿಲ್ಲ. ಆದರೆ ಲಕ್ಷಾಂತರ ಜಾಲತಾಣಗಳು ಏಕಕಾಲಕ್ಕೆ ಕಣ್ಮರೆಯಾದವು. ಮಾಹಿತಿಯ ಪ್ರತಿಯನ್ನು ಬೇರೆಡೆ ಇರಿಸಿಕೊಂಡಿದ್ದವರು ಹೊಸ ಸರ್ವರ್‌ನಲ್ಲಿ ವ್ಯವಹಾರ ಮುಂದುವರಿಸಿದರು. ಪ್ರತಿಯೂ ಅದೇ ಕಟ್ಟಡದಲ್ಲಿದ್ದ ಗ್ರಾಹಕರಿಗೆ ಏನೂ ಉಳಿಯಲಿಲ್ಲ. ಪರಿಹಾರದ ವಿವಾದ ನ್ಯಾಯಾಲಯದ ಮೆಟ್ಟಿಲೇರಿತು.

ಯುರೋಪಿನ ಅತಿ ದೊಡ್ಡ ಹೋಸ್ಟಿಂಗ್ ಸಂಸ್ಥೆಗಳಲ್ಲಿ ಒಂದೆನಿಸಿದ ಕಡೆಯೇ ಹೀಗಾಯಿತೆಂಬುದು ಗಮನಾರ್ಹ. ಸಂಸ್ಥೆ ದೊಡ್ಡದೋ ಚಿಕ್ಕದೋ, ಬಾಡಿಗೆ ಎಷ್ಟು ಎಂಬ ಪ್ರಶ್ನೆಗಳಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಅನಾಹುತವಾದ ಮರುದಿನ ತಾಣವನ್ನು ಎಲ್ಲಿಂದ, ಯಾರು, ಎಷ್ಟು ಹೊತ್ತಿನಲ್ಲಿ ಮರಳಿ ನಿಲ್ಲಿಸುತ್ತಾರೆ?

ಜಾಲತಾಣದ ಪುಟ, ಚಿತ್ರ ಹಾಗೂ ಗ್ರಾಹಕರ ಮಾಹಿತಿಯನ್ನು ಸದಾ ಅಂತರ್ಜಾಲಕ್ಕೆ ಜೋಡಿಸಿದ ಕಂಪ್ಯೂಟರಿನಲ್ಲಿ ಇರಿಸಿಕೊಡುವ ಸೇವೆಯೇ ಹೋಸ್ಟಿಂಗ್. ಇದರಲ್ಲಿ ಅಗ್ಗದ ಬಗೆಯಾದ ಶೇರ್ಡ್ ಹೋಸ್ಟಿಂಗನ್ನು ಹಳೆಯ ಮೈಸೂರಿನ ವಠಾರಕ್ಕೆ ಹೋಲಿಸಬಹುದು. ನೂರಾರು ತಾಣಗಳಿಗೆ ಒಂದೇ ಯಂತ್ರ; ನೆರೆಯವರು ನಲ್ಲಿ ಬಿಟ್ಟರೆ ಉಳಿದವರಿಗೆ ನೀರು ಸಣ್ಣಗೆ ಬರುವುದು ಸಹಜ. ವಿಪಿಎಸ್ ಎಂದರೆ ಅದೇ ಕಟ್ಟಡದಲ್ಲಿ ಪ್ರತ್ಯೇಕ ಬೀಗ, ಪ್ರತ್ಯೇಕ ಮೀಟರ್ ಇರುವ ಮನೆ. ಡೆಡಿಕೇಟೆಡ್ ಸರ್ವರ್ ಸ್ವತಂತ್ರ ಬಂಗಲೆ. ಕ್ಲೌಡ್‌ನಲ್ಲಿ ಬಳಸಿದಷ್ಟಕ್ಕೆ ಬಾಡಿಗೆ. ವಿಳಾಸ, ದರಪಟ್ಟಿ ತೋರಿಸುವ ಅಂಗಡಿಗೆ ವಠಾರ ಧಾರಾಳವಾಗಿ ಸಾಕು. ದಸರಾ ರಜೆಯಲ್ಲಿ ಆನ್‌ಲೈನ್ ಬುಕಿಂಗ್ ಪಡೆಯುವ ಕೊಡಗಿನ ಹೋಂಸ್ಟೇಗಾಗಲೀ, ಇಳಕಲ್ ಸೀರೆಯನ್ನು ನೇರವಾಗಿ ಮಾರುವ ಮಳಿಗೆಗಾಗಲೀ ಅದು ಸಾಲದು.

<b>ಶೇಕಡಾವಾರು ಭರವಸೆ</b>

ಜಾಹೀರಾತುಗಳಲ್ಲಿ ಎದ್ದು ಕಾಣುವ ಅಂಶ ತಾಣ ಎಷ್ಟು ಕಾಲ ತೆರೆದಿರುತ್ತದೆ ಎಂಬ ಶೇಕಡಾವಾರು ಲೆಕ್ಕ. ಶೇ. 99 ಎಂದರೆ ಕಿವಿಗೆ ಹಿತವೆನಿಸಿದರೂ ವರ್ಷಕ್ಕೆ ಮೂರೂವರೆ ದಿನಕ್ಕೂ ಮಿಗಿಲಾಗಿ ಬಾಗಿಲು ಮುಚ್ಚಿರಬಹುದೆಂದು ಅರ್ಥ. ಶೇ. 99.9 ಆದರೆ ಸುಮಾರು ಎಂಟೂಮುಕ್ಕಾಲು ಗಂಟೆ, ಶೇ. 99.99 ಆದರೆ 53 ನಿಮಿಷ. ಭರವಸೆ ತಪ್ಪಿದಾಗ ಸಿಗುವುದು ಸಾಮಾನ್ಯವಾಗಿ ಬಾಡಿಗೆಯಲ್ಲಿ ಒಂದಿಷ್ಟು ರಿಯಾಯಿತಿ ಮಾತ್ರ. ಆ ದಿನ ಕೈತಪ್ಪಿದ ವ್ಯಾಪಾರಕ್ಕೆ ಯಾರೂ ಹೊಣೆಯಲ್ಲ. ಪೂರ್ವಸೂಚನೆ ನೀಡಿದ ದುರಸ್ತಿಯ ಅವಧಿಯನ್ನು ಅನೇಕರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಒಪ್ಪಂದದ ಸಣ್ಣ ಅಕ್ಷರಗಳನ್ನು ಓದುವ ತಾಳ್ಮೆ ಇಲ್ಲಿ ಹಣ ಉಳಿಸುತ್ತದೆ.

<b>ಬ್ಯಾಕಪ್ ಇದ್ದೂ ಇಲ್ಲದಂತೆ</b>

ಡೆನ್ಮಾರ್ಕ್‌ನ ಕ್ಲೌಡ್‌ನಾರ್ಡಿಕ್ ಎಂಬ ಸಂಸ್ಥೆಯ ಮೇಲೆ 2023ರ ಆಗಸ್ಟ್‌ನಲ್ಲಿ ರ್‍ಯಾನ್ಸಮ್‌ವೇರ್ ದಾಳಿ ನಡೆಯಿತು. ಅಲ್ಲಿ ಬ್ಯಾಕಪ್ ಇತ್ತು. ಆದರೆ ದಾಳಿಕೋರರು ಬ್ಯಾಕಪ್ ವ್ಯವಸ್ಥೆಗೂ ಬೀಗ ಜಡಿದರು. ಬಹುಪಾಲು ಗ್ರಾಹಕರ ಮಾಹಿತಿ ನಾಶವಾಗಿದೆಯೆಂದು ಸಂಸ್ಥೆಯೇ ಒಪ್ಪಿಕೊಂಡಿತು. ಸ್ಟ್ರಾಸ್‌ಬರ್ಗ್‌ನಲ್ಲಿ ಬೆಂಕಿ ಮಾಡಿದ ಕೆಲಸವನ್ನು ಇಲ್ಲಿ ತಂತ್ರಾಂಶ ಮಾಡಿತು.

ಆದಕಾರಣ ‘ಬ್ಯಾಕಪ್ ಉಚಿತ’ ಎಂಬ ಸಾಲಿಗೆ ತೃಪ್ತರಾಗತಕ್ಕದ್ದಲ್ಲ. ಪ್ರತಿಯನ್ನು ದಿನಕ್ಕೊಮ್ಮೆ ತೆಗೆಯುತ್ತಾರೆಯೋ ವಾರಕ್ಕೊಮ್ಮೆಯೋ, ಎಷ್ಟು ದಿನ ಇರಿಸುತ್ತಾರೆ, ಬೇರೆ ಊರಿನಲ್ಲಿ ಇರಿಸುತ್ತಾರೆಯೇ, ಮರಳಿ ಸ್ಥಾಪಿಸಲು ಪ್ರತ್ಯೇಕ ಶುಲ್ಕವಿದೆಯೇ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಬೇಕು. ಇದಾದ ಮೇಲೂ ಒಂದು ಪ್ರತಿ ಉದ್ಯಮಿಯ ಸ್ವಂತ ವಶದಲ್ಲಿ, ಹೋಸ್ಟಿಂಗ್ ಖಾತೆಯ ಪಾಸ್‌ವರ್ಡ್ ತಾಗದ ಜಾಗದಲ್ಲಿ ಇರುವುದು ಲೇಸು. ಆರು ತಿಂಗಳಿಗೊಮ್ಮೆ ಆ ಪ್ರತಿಯಿಂದ ತಾಣವನ್ನು ಪ್ರಾಯೋಗಿಕವಾಗಿ ನಿಲ್ಲಿಸಿ ನೋಡಬೇಕು. ತೆರೆಯಲಾಗದ ಬ್ಯಾಕಪ್ ಕಡತಗಳ ಸಂಗತಿ ಬೆಳಕಿಗೆ ಬರುವುದು ಹೆಚ್ಚಾಗಿ ಅಗತ್ಯ ಬಿದ್ದ ದಿನವೇ.

<b>ಭದ್ರತೆಯ ಪರೀಕ್ಷೆ</b>

ಅಮೆರಿಕದ ಗೋಡ್ಯಾಡಿ ಸಂಸ್ಥೆಯ ವರ್ಡ್‌ಪ್ರೆಸ್ ಹೋಸ್ಟಿಂಗ್ ವಿಭಾಗಕ್ಕೆ 2021ರ ಸೆಪ್ಟೆಂಬರ್‌ನಲ್ಲಿ ನುಸುಳಿದವರು ಪತ್ತೆಯಾದದ್ದು ನವೆಂಬರ್‌ನಲ್ಲಿ. 12 ಲಕ್ಷದವರೆಗಿನ ಗ್ರಾಹಕರ ಮಾಹಿತಿ ಬಯಲಾಯಿತು. ಭದ್ರತೆಯ ಬಗ್ಗೆ ಹೇಳಿಕೊಂಡದ್ದಕ್ಕೂ ವಾಸ್ತವಕ್ಕೂ ಅಂತರವಿತ್ತೆಂದು ಆರೋಪಿಸಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2025ರಲ್ಲಿ ಕ್ರಮ ಜರುಗಿಸಿತು. ತಂತ್ರಾಂಶವನ್ನು ನವೀಕರಿಸುತ್ತಿರಲಿಲ್ಲ, ಎರಡು ಹಂತದ ದೃಢೀಕರಣ ಇರಲಿಲ್ಲ ಎಂಬುದು ಆರೋಪಗಳಲ್ಲಿ ಸೇರಿದ್ದವು. ಸಾಮಾನ್ಯ ಗ್ರಾಹಕನೂ ಪರೀಕ್ಷಿಸಬಹುದಾದ ಸಂಗತಿಗಳಿವು. ಖಾತೆಗೆ ಪ್ರವೇಶಿಸುವಾಗ ಪಾಸ್‌ವರ್ಡ್ ಜೊತೆ ಮೊಬೈಲ್ ಸಂಕೇತವನ್ನೂ ಕೇಳುವ ಸೌಲಭ್ಯ ಇದೆಯೇ? ಪಿಎಚ್‌ಪಿಯ ಯಾವ ಆವೃತ್ತಿ ಲಭ್ಯ? 2022ರ ನವೆಂಬರ್‌ನಲ್ಲೇ ಆಯುಷ್ಯ ಮುಗಿದ 7.4 ಆವೃತ್ತಿಯನ್ನು ಹೊಸ ಗ್ರಾಹಕನಿಗೆ ದಾಟಿಸುವ ಸಂಸ್ಥೆಯಿಂದ ದೂರವಿರುವುದೇ ಒಳಿತು. ಎಸ್‌ಎಸ್‌ಎಲ್ ಪ್ರಮಾಣಪತ್ರಕ್ಕೆ ಹಣ ಕೊಡುವ ಅಗತ್ಯ ಈಗ ಸಾಮಾನ್ಯವಾಗಿ ಇಲ್ಲ. ಲೆಟ್ಸ್ ಎನ್‌ಕ್ರಿಪ್ಟ್ ಉಚಿತವಾಗಿ ನೀಡುತ್ತದೆ. ಪ್ರಮಾಣಪತ್ರದ ಗರಿಷ್ಠ ಅವಧಿ ಹಂತಹಂತವಾಗಿ ಇಳಿದು 2029ರ ಮಾರ್ಚ್ 15ರಿಂದ 47 ದಿನಗಳಾಗಲಿರುವುದರಿಂದ ನವೀಕರಣ ತಾನಾಗಿಯೇ ಆಗುವ ವ್ಯವಸ್ಥೆ ಅನಿವಾರ್ಯ.

ಕಾನೂನಿನ ಹೊಣೆಯನ್ನು ಹೋಸ್ಟಿಂಗ್ ಸಂಸ್ಥೆಯ ಹೆಗಲಿಗೆ ದಾಟಿಸಲಾಗದು. ಸೈಬರ್ ದಾಳಿ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕೆಂದು ಸರ್ಟ್-ಇನ್ 2022ರ ಏಪ್ರಿಲ್ 28ರಂದು ನಿರ್ದೇಶನ ಹೊರಡಿಸಿದೆ. ಸಂಸ್ಥೆಯ ಸಹಾಯವಾಣಿ ಮರುದಿನ ಬೆಳಿಗ್ಗೆ ಉತ್ತರಿಸಿದರೆ ಆ ಗಡುವು ಆಗಲೇ ಮೀರಿರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಸೂಕ್ತ ರಕ್ಷಣಾ ಕ್ರಮ ಕೈಗೊಳ್ಳದವರಿಗೆ 250 ಕೋಟಿ ರೂ.ವರೆಗೆ ದಂಡ ವಿಧಿಸಲು ಅವಕಾಶವಿದೆ. ಮಾಹಿತಿಯನ್ನು ಬೇರೊಬ್ಬರಿಂದ ನಿರ್ವಹಿಸಿದರೂ ಹೊಣೆ ಅದನ್ನು ಸಂಗ್ರಹಿಸಿದ ಉದ್ಯಮದ್ದೇ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಮುಖ್ಯ ಕರ್ತವ್ಯಗಳ ಪಾಲನೆಗೆ 18 ತಿಂಗಳ ಕಾಲಾವಕಾಶ ನೀಡಲಾಗಿದೆ. ಗ್ರಾಹಕರ ಕಾರ್ಡ್ ಸಂಖ್ಯೆಯನ್ನು ವ್ಯಾಪಾರಿಗಳು ಇರಿಸಿಕೊಳ್ಳುವುದನ್ನು ರಿಸರ್ವ್ ಬ್ಯಾಂಕ್ 2022ರ ಅಕ್ಟೋಬರ್‌ನಿಂದಲೇ ನಿಷೇಧಿಸಿದೆ.

<b>ಹೆಸರು ಯಾರದ್ದು?</b>

ಸಣ್ಣ ಊರುಗಳ ಉದ್ಯಮಿಗಳು ಹೆಚ್ಚು ಪೇಚಿಗೆ ಸಿಲುಕುವುದು ದಾಳಿಯಿಂದಲ್ಲ, ಡೊಮೈನ್ ನೋಂದಣಿಯಿಂದ. ತಾಣ ನಿರ್ಮಿಸಿಕೊಟ್ಟ ವಿನ್ಯಾಸಕಾರ ತನ್ನ ಹೆಸರು, ತನ್ನ ಇ-ಮೇಲ್ ಕೊಟ್ಟು ವಿಳಾಸವನ್ನು ನೋಂದಾಯಿಸಿರುತ್ತಾನೆ. ಆತ ಕೆಲಸ ಬದಲಿಸಿ ಬೆಂಗಳೂರಿಗೋ ದುಬೈಗೋ ಹೋದ ಬಳಿಕ ನವೀಕರಣದ ನೋಟಿಸ್ ಯಾರಿಗೂ ತಲಪುವುದಿಲ್ಲ. ಫಲಕ, ರಸೀದಿ, ಕ್ಯಾರಿಬ್ಯಾಗ್‌ಗಳ ಮೇಲೆಲ್ಲ ಅಚ್ಚಾದ ವಿಳಾಸ ಪರರ ಪಾಲಾಗುತ್ತದೆ. ನೋಂದಣಿ ಮಾಲೀಕನ ಹೆಸರಿನಲ್ಲಿ, ಆತನ ಸ್ವಂತ ಇ-ಮೇಲ್‌ನಲ್ಲಿ ಇರಬೇಕು. ಆ ಇ-ಮೇಲ್ ಅದೇ ಡೊಮೈನ್‌ನದ್ದಾಗಿರಬಾರದು. ಡೊಮೈನನ್ನು ಒಂದು ಸಂಸ್ಥೆಯಲ್ಲಿ, ಹೋಸ್ಟಿಂಗನ್ನು ಇನ್ನೊಂದರಲ್ಲಿ ಇರಿಸಿದರೆ ಒಬ್ಬರೊಡನೆ ಮನಸ್ತಾಪವಾದರೂ ವಿಳಾಸ ಕೈಯಲ್ಲಿ ಉಳಿಯುತ್ತದೆ.

ದರದ ವಿಷಯದಲ್ಲಿ ಮೊದಲ ವರ್ಷದ ಕೊಡುಗೆಯನ್ನು ಬದಿಗಿಟ್ಟು ನವೀಕರಣದ ದರವನ್ನಷ್ಟೇ ಹೋಲಿಸಬೇಕು. ಅದರ ಮೇಲೆ ಶೇ. 18 ಜಿಎಸ್‌ಟಿ ಸೇರುತ್ತದೆ. ಮೂರು ವರ್ಷದ ಹಣ ಮುಂಗಡ ಕಟ್ಟುವ ಮೊದಲು ತಿಂಗಳ ಲೆಕ್ಕದಲ್ಲಿ ಪಡೆದು, ಭಾನುವಾರ ರಾತ್ರಿ ಸಹಾಯವಾಣಿಗೆ ಒಂದು ತಾಂತ್ರಿಕ ಪ್ರಶ್ನೆ ಕಳುಹಿಸಿ ನೋಡಬಹುದು. ಸಿದ್ಧ ಉತ್ತರ ಬಂದಿತೋ, ಪ್ರಶ್ನೆಯನ್ನು ಓದಿ ಬರೆದ ಉತ್ತರ ಬಂದಿತೋ ಎಂಬುದು ಕೂಡಲೇ ತಿಳಿಯುತ್ತದೆ.

ಸಂಸ್ಥೆ ಬದಲಿಸುವವರು ಹಳೆಯ ಖಾತೆಯನ್ನು ಎರಡು ವಾರವಾದರೂ ಜೀವಂತ ಇರಿಸುವುದು ಕ್ಷೇಮ. ಇ-ಮೇಲ್ ಪೆಟ್ಟಿಗೆಗಳು ಅಲ್ಲೇ ಇದ್ದರೆ ಪತ್ರಗಳ ಪ್ರತಿ ತೆಗೆದುಕೊಂಡ ಬಳಿಕವೇ ಖಾತೆ ಮುಚ್ಚಬೇಕು. ‘.ಕಾಮ್’ನಂತಹ ಡೊಮೈನ್‌ಗಳ ವರ್ಗಾವಣೆಗೆ ಬೇಕಾದ ಸಂಕೇತವನ್ನು ಮಾಲೀಕ ಕೇಳಿದ ಐದು ದಿನಗಳೊಳಗೆ ನೋಂದಣಿ ಸಂಸ್ಥೆ ಒದಗಿಸಬೇಕೆಂಬುದು ಐಕ್ಯಾನ್ ನಿಯಮ.